ಅಮ್ಮನಿಗೆ ಜಪಾನಿನ ಸಿಹಿ ಅಂಗಡಿ ತೋರಿಸಬೇಕು, ಮೊಟ್ಟೆ ಇಲ್ಲದ್ದು ಏನು ಸಿಗುತ್ತೆ?

ತುಂಗಾತೀರ, ಜೂನ್ 9

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವಳು. ಆರು ವರ್ಷದಿಂದ ಕವಾಸಾಕಿಯಲ್ಲಿ ಇದ್ದೇನೆ. ಈ ತಿಂಗಳ ಕೊನೆಗೆ ಅಮ್ಮ ಮೊದಲ ಸಲ ಇಲ್ಲಿಗೆ ಬರುತ್ತಿದ್ದಾರೆ. ಒಂದು ಸಲಹೆ ಬೇಕಿತ್ತು. ಅದಕ್ಕೂ ಮೊದಲು ಕಳೆದ ಭಾನುವಾರದ ವಿಷಯ ಹೇಳಿಬಿಡುತ್ತೇನೆ.

ಟೋಕಿಯೋದ ಜಿಯೂಗಾಓಕಾ ಕಡೆ ಹೋಗಿದ್ದೆ. ಸಣ್ಣ ಸಣ್ಣ ಗಲ್ಲಿಗಳು, ತಿರುಗಿದಲ್ಲೆಲ್ಲ ಕೇಕ್ ಅಂಗಡಿ. ಅದರಲ್ಲಿ ಒಂದು ಪುಟ್ಟ ಪ್ಯಾಟಿಸರಿ, ಒಳಗೆ ಹನ್ನೆರಡೇ ಕುರ್ಚಿ. ಬಾಗಿಲಲ್ಲಿ ನಂಬರ್ ಚೀಟಿ ತಗೊಂಡು ಮುಕ್ಕಾಲು ಗಂಟೆ ಕಾದೆ. ಕೊನೆಗೆ ಬಂದ ತಟ್ಟೆಯಲ್ಲಿ ಇದ್ದದ್ದು ಒಂದು ಹಸಿರು ಉಮೆ ಕಾಯಿ, ಅಷ್ಟೇ. ಉಮೆ ಅಂದರೆ ಇಲ್ಲಿ ಜೂನ್‌ನಲ್ಲಿ ಮಾರುಕಟ್ಟೆಗೆ ಬರುವ ಹುಳಿ ಕಾಯಿ, ಉಪ್ಪಿನಕಾಯಿ ಹಾಕುತ್ತಾರಲ್ಲ, ಅದು. ಮೊದಲು ನಿಜವಾದ ಕಾಯಿಯನ್ನೇ ಇಟ್ಟಿದ್ದಾರೆ ಅಂದುಕೊಂಡೆ. ಸಿಪ್ಪೆ ಮೇಲಿನ ನವಿರಾದ ರೋಮ ಕೂಡ ಕಾಣುತ್ತಿತ್ತು. ಒಂದು ಪಕ್ಕದಲ್ಲಿ ಬಿಸಿಲು ಬಿದ್ದು ಕೆಂಪಾದ ಹಾಗೆ ಒಂದು ಮಚ್ಚೆ. ತೊಟ್ಟು ಇದ್ದ ಕಡೆ ಸಣ್ಣ ಕುಳಿ.

ಫೋರ್ಕ್ ತಾಗಿಸಿದೆ. ತೆಳು ಚಿಪ್ಪು ಚಟ್ ಅಂತ ಒಡೆಯಿತು. ಒಳಗೆ ಬೆಳ್ಳಗಿನ ಮೊಸರಿನ ಮೂಸ್, ಅಂದರೆ ನೊರೆಯ ಹಾಗೆ ಹಗುರವಾದ ಕ್ರೀಮ್. ಅದರ ನಡುವೆ ಉಮೆ ಹಣ್ಣಿನ ಹುಳಿಹುಳಿ ಜ್ಯಾಮ್. ಬೀಜ ಇರಬೇಕಾದ ಜಾಗದಲ್ಲಿ ಒಂದು ಬಾದಾಮಿ ಉಂಡೆ! ಕಾಯಿಯ ಒಳಗೆ ಏನೇನು ಯಾವ ಕ್ರಮದಲ್ಲಿ ಇರುತ್ತೋ ಅದೇ ಕ್ರಮ. ಸಕ್ಕರೆ ನಾಲಿಗೆ ಮೇಲೆ ಕೂರಲೇ ಇಲ್ಲ. ತಿಂದು ಮುಗಿದ ಮೇಲೂ ಸುಮ್ನೆ ತಟ್ಟೆ ನೋಡುತ್ತಾ ಕೂತಿದ್ದೆ.

ಕೂತಾಗ ಅಮ್ಮನ ನೆನಪು ಬಂತು. ಗೌರಿ ಹಬ್ಬಕ್ಕೆ ಕಡುಬಿನ ಅಂಚು ಮಡಿಸುವಾಗ ಒಂದು ಮಡಿಕೆ ದಪ್ಪ ಆದರೂ ಬಿಚ್ಚಿ ಮತ್ತೆ ಮಡಿಸುವವರು ಅವರು. ಇದನ್ನು ಅವರು ನೋಡಲೇಬೇಕು. ಆದರೆ ಅಮ್ಮ ಮೊಟ್ಟೆ ಮುಟ್ಟುವುದಿಲ್ಲ, ಕೇಕ್‌ನಲ್ಲಿ ಇದ್ದರೂ ಬೇಡ. ಅಂಗಡಿಯವರನ್ನು ಕೇಳಿದೆ. ಗಾಜಿನ ಪೆಟ್ಟಿಗೆಯಲ್ಲಿದ್ದ ಹದಿನಾಲ್ಕು ಬಗೆಯಲ್ಲಿ ಒಂದಾದರೂ ಆಗುತ್ತಾ ಅಂತ. ಪಾಪ, ಆ ಹುಡುಗಿ ಒಳಗೆ ಹೋಗಿ ಕೇಳಿಕೊಂಡು ಬಂದು, ಒಂದೂ ಇಲ್ಲ ಅಂತ ತಲೆ ಬಗ್ಗಿಸಿದಳು. ತಳದ ಸ್ಪಾಂಜಿನಲ್ಲಿ ಮೊಟ್ಟೆ, ಮೂಸ್‌ನಲ್ಲಿ ಜೆಲಾಟಿನ್, ಅಂದರೆ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆಯುವ ಅಂಟು.

ಅಮ್ಮನನ್ನು ಕೂರಿಸಿಕೊಂಡು ನಾನೊಬ್ಬಳೇ ತಿನ್ನುವುದು ನನ್ನಿಂದ ಆಗಲ್ಲ. ಎಲ್ಲಿ ಕರೆದುಕೊಂಡು ಹೋಗಲಿ? ಕ್ಯೋಟೋಗೂ ನಾಲ್ಕು ದಿನ ಹೋಗುತ್ತೇವೆ.

ಲೆಕ್ಕದವ, ಜೂನ್ 9

ಚೆನ್ನಾಗಿ ಬರೆದಿದ್ದೀರಿ ಮೇಡಂ. ಒಂದೇ ಮಾತು ಕೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಆ ಕಾಯಿಗೆ ಎಷ್ಟು ಕೊಟ್ಟಿರಿ?

ತುಂಗಾತೀರ, ಜೂನ್ 9

ಬೇಜಾರೇನಿಲ್ಲ. 820 ಯೆನ್. ಅಲ್ಲೇ ಕೂತು ತಿಂದರೆ ತೆರಿಗೆ 10%, ಕಟ್ಟಿಸಿಕೊಂಡು ಹೋದರೆ 8%. 2019ರಿಂದ ಹೀಗೆ. ಅದಕ್ಕೇ ಇಲ್ಲಿ ಎಲ್ಲ ಅಂಗಡಿಯಲ್ಲೂ ಮೊದಲು ಕೇಳುವುದು, ಇಲ್ಲೇ ತಿನ್ನುತ್ತೀರಾ, ತಗೊಂಡು ಹೋಗುತ್ತೀರಾ ಅಂತ.

ಲೆಕ್ಕದವ, ಜೂನ್ 9

ಅಂದರೆ ಹತ್ತಿರ ಹತ್ತಿರ ಐನೂರು ರೂಪಾಯಿ. ನಾಲ್ಕು ತುತ್ತಿಗೆ. ನಮ್ಮ ಕಡೆ ಆ ದುಡ್ಡಿಗೆ ಮನೆಮಂದಿಗೆಲ್ಲ ಮೈಸೂರು ಪಾಕ್ ಬರುತ್ತೆ. ನನಗೆ ನಿಜವಾಗಿ ಅರ್ಥವಾಗುವುದಿಲ್ಲ, ಅದಕ್ಕೆ ಕೇಳಿದೆ.

ಒಲೆಮುಂದೆ, ಜೂನ್ 10

ನಾನು ಬೆಂಗಳೂರಿನಲ್ಲಿ ಹನ್ನೊಂದು ವರ್ಷದಿಂದ ಕೇಕ್ ಕೆಲಸ ಮಾಡುತ್ತಿದ್ದೇನೆ. ಲೆಕ್ಕದವರೇ, ನಿಮ್ಮ ಪ್ರಶ್ನೆ ಸರಿಯಾಗೇ ಇದೆ. ಆ ಕಾಯಿ ಹೇಗೆ ಆಗುತ್ತೆ ಅಂತ ಹೇಳುತ್ತೇನೆ, ಆಮೇಲೆ ನೀವೇ ನೋಡಿ.

ಮೊದಲ ದಿನ ಬಾದಾಮಿ ಉಂಡೆ ಮಾಡಬೇಕು. ಅದರ ಸುತ್ತ ಜ್ಯಾಮ್ ತುಂಬಿ ಫ್ರೀಜ್ ಮಾಡಬೇಕು. ಅದನ್ನು ಮೂಸ್ ತುಂಬಿದ ಅಚ್ಚಿನ ನಟ್ಟನಡುವೆ ಕೂರಿಸಿ ಮತ್ತೆ ರಾತ್ರಿಯಿಡೀ ಫ್ರೀಜ್. ಎರಡನೇ ದಿನ ಅಚ್ಚಿನಿಂದ ಬಿಡಿಸಿ, ಅಂಚಿನ ಗೆರೆ ಬೆರಳಲ್ಲಿ ತೀಡಿ, ತೆಳು ಚಾಕೊಲೇಟಿನಲ್ಲಿ ಅದ್ದಬೇಕು. ಚಟ್ ಅಂತ ಒಡೆದದ್ದು ಅದು. ಆಮೇಲೆ ರೋಮ. ಚಾಕೊಲೇಟ್ ಮತ್ತು ಕೋಕೋ ಬೆಣ್ಣೆ ಸಮಸಮ ಕರಗಿಸಿ, ಬಣ್ಣ ಹಾಕಿ, ಸ್ಪ್ರೇ ಗನ್ನಿನಲ್ಲಿ ಹೊಡೆಯುತ್ತಾರೆ. ಬೆಚ್ಚಗಿನ ಹನಿ ಕೊರೆಯುವ ಮೈಗೆ ತಾಗಿದ ಕೂಡಲೇ ಅಲ್ಲೇ ಗಟ್ಟಿಯಾಗುತ್ತೆ. ಸಾವಿರಾರು ಹನಿ ಹಾಗೆ ನಿಂತರೆ ಮಖಮಲ್ಲು. ಮೂಸ್ ಸ್ವಲ್ಪ ಬೆಚ್ಚಗಿದ್ದರೂ ಹನಿ ಹರಿದು ಮೈ ನುಣ್ಣಗಾಗಿಬಿಡುತ್ತೆ, ಕೆಲಸ ಕೆಟ್ಟ ಹಾಗೆ. ನಾನು ಮೊದಲ ಸಲ ಮಾಡಿದಾಗ ಮೂವತ್ತರಲ್ಲಿ ಹತ್ತೊಂಬತ್ತು ಬಿಸಾಡಿದೆ. ಎರಡು ದಿನದ ಕೆಲಸ ಸರ್ ಅದು. ಮಾರನೆಯ ದಿನಕ್ಕೆ ಉಳಿಯುವುದಿಲ್ಲ.

ತುಂಗಾ ಅವರೇ, ನೀವು ಸಕ್ಕರೆ ನಾಲಿಗೆ ಮೇಲೆ ಕೂರಲಿಲ್ಲ ಅಂದಿರಲ್ಲ, ನನಗೆ ಅದೇ ಮುಖ್ಯ ಅನಿಸಿತು. ಜಪಾನಿನ ಸಿಹಿಯಲ್ಲಿ ಹೊಸತನ ಇರುವುದು ಆಕಾರದಲ್ಲಿ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ನನ್ನ ಮಟ್ಟಿಗೆ ಅದು ಬಾಯಿಗೆ ಸಿಗುವ ಹದದಲ್ಲಿದೆ. ಅವರಿಗೆ ಹದಕ್ಕೇ ಜೋಡಿ ಪದಗಳಿವೆ. ಫುವಾ ಫುವಾ ಅಂದರೆ ಅರಳೆಯ ಹಾಗೆ. ಮೋಚಿ ಮೋಚಿ ಅಂದರೆ ಜಿಗುಟಾಗಿ ಎಳೆಯುವಂಥದ್ದು. ತೊರೊ ತೊರೊ ಅಂದರೆ ಕರಗಿ ಇಳಿಯುವಂಥದ್ದು. ನಮ್ಮಲ್ಲಿ ಗರಿಗರಿ, ಮೆತ್ತಮೆತ್ತಗೆ ಅನ್ನುತ್ತೇವಲ್ಲ, ಹಾಗೇ. ನಾಮೆಲಾಕಾ ಅನ್ನುವ ಕ್ರೀಮ್ ಈಗ ಬೆಂಗಳೂರಿನ ಕೇಕ್‌ಗಳಲ್ಲೂ ಇದೆ. ಅದು ಹುಟ್ಟಿದ್ದು ಫ್ರಾನ್ಸಿನ ಚಾಕೊಲೇಟ್ ಕಂಪನಿ ವಾಲ್ರೋನಾದ ಟೋಕಿಯೋ ಶಾಲೆಯಲ್ಲಿ. ನಾಮೆರಾಕಾ ಅಂದರೆ ಜಪಾನಿಯಲ್ಲಿ ನುಣುಪು. ಚಾಕೊಲೇಟ್ ಮತ್ತು ಕ್ರೀಮ್ ಕಲಸಿದ ಗಾನಾಶ್‌ಗಿಂತ ಹಗುರ, ಪುಡ್ಡಿಂಗಿಗಿಂತ ಮೆತ್ತಗೆ. ಮೊಟ್ಟೆ ಬೇಕಿಲ್ಲ, ಆದರೆ ಜೆಲಾಟಿನ್ ಹಾಕುತ್ತಾರೆ. ಅಮ್ಮನಿಗೆ ಅದೂ ಆಗಲ್ಲ ಅಲ್ವಾ?

ತುಂಗಾತೀರ, ಜೂನ್ 10

ಆಗಲ್ಲ ಅಣ್ಣ. ಜೆಲಾಟಿನ್ ಎಲ್ಲಿಂದ ಬರುತ್ತೆ ಅಂತ ಅವರಿಗೆ ಚೆನ್ನಾಗಿ ಗೊತ್ತು.

ಲೆಕ್ಕದವ, ಜೂನ್ 10

ಎರಡು ದಿನದ ಕೆಲಸ ಅಂತ ಗೊತ್ತಿರಲಿಲ್ಲ. ಬಿಡಿಸಿ ಹೇಳಿದ್ದಕ್ಕೆ ಥ್ಯಾಂಕ್ಸ್ ಸರ್.

ಕ್ಯೋಟೋದಿಂದ, ಜೂನ್ 10

ಅಕ್ಕಾ, ಅಮ್ಮನನ್ನು ಮೊದಲು ಕ್ಯೋಟೋಗೆ ಕರೆತನ್ನಿ. ನಾನು ಇಲ್ಲಿ ಓದುತ್ತಿದ್ದೇನೆ, ನಾಲ್ಕು ವರ್ಷ ಆಯಿತು, ನಾನೂ ಮೊಟ್ಟೆ ತಿನ್ನಲ್ಲ. ಫ್ರೆಂಚ್ ಥರದ ಕೇಕ್‌ಗಳನ್ನು ಪಕ್ಕಕ್ಕಿಟ್ಟು ಜಪಾನಿನದೇ ಸಿಹಿ, ಅಂದರೆ ವಾಗಾಶಿ ಕಡೆ ಹೋದರೆ ಅಮ್ಮನಿಗೆ ದಾರಿ ತೆರೆಯುತ್ತೆ. ಅದರಲ್ಲಿ ಹೆಚ್ಚಿನವು ಕಾಳು, ಅಕ್ಕಿ, ಸಕ್ಕರೆ, ಕಾಂಟೆನ್. ಹಾಲು ಬೆಣ್ಣೆ ಕೂಡ ಇರುವುದಿಲ್ಲ. ಕಾಂಟೆನ್ ಅಂದರೆ ನಮ್ಮ ಅಂಗಡಿಗಳಲ್ಲಿ ಚೈನಾ ಗ್ರಾಸ್ ಅಂತ ಸಿಗುವುದೇ, ಕಡಲ ಪಾಚಿಯಿಂದ ಮಾಡುತ್ತಾರೆ. ಹದಿನೇಳನೇ ಶತಮಾನದಲ್ಲಿ ಇಲ್ಲೇ ಕ್ಯೋಟೋ ಪಕ್ಕದ ಫುಶಿಮಿಯಲ್ಲಿ ಅದು ಸಿಕ್ಕಿದ್ದು ಅಂತಾರೆ. ಚಳಿಗಾಲದಲ್ಲಿ ಒಬ್ಬ ಛತ್ರದವನು ಉಳಿದ ಪಾಚಿ ಗಂಜಿಯನ್ನು ಹೊರಗೆ ಎಸೆದನಂತೆ. ಅದು ರಾತ್ರಿ ಹೆಪ್ಪುಗಟ್ಟಿ, ಹಗಲು ಕರಗಿ ಒಣಗಿತು. ನೋಡಿದರೆ ಪಾಚಿ ವಾಸನೆಯೇ ಹೋಗಿತ್ತಂತೆ.

ಹೋಗಲೇಬೇಕಾದ ಜಾಗ ಹೇಳುತ್ತೇನೆ. ಇಮಾದೆಗಾವಾ ಮತ್ತು ಹೋರಿಕಾವಾ ರಸ್ತೆ ಸೇರುವಲ್ಲಿ ತ್ಸುರುಯಾ ಯೋಶಿನೊಬು ಅಂತ ಇದೆ. 1803ರಿಂದ ಇರುವ ಅಂಗಡಿ. ಮಹಡಿ ಮೇಲೆ ಕೌಂಟರ್. ಆ ಋತುವಿನ ಸಿಹಿ ಆರಿಸಿದರೆ ನಿಮ್ಮ ಕಣ್ಣೆದುರೇ ಕೈಯಲ್ಲಿ ಮಾಡಿ ಕೊಡುತ್ತಾರೆ, ಜೊತೆಗೆ ಮಾಚಾ ಚಹಾ. ಬೇಗ ಹೋಗಿ, ಕುರ್ಚಿ ಕಮ್ಮಿ.

ಇನ್ನೊಂದು. ಜೂನ್ 30ಕ್ಕೆ ಇಲ್ಲೇ ಇರುವ ಹಾಗೆ ಪ್ಲಾನ್ ಮಾಡಿ. ಅವತ್ತು ಕ್ಯೋಟೋದಲ್ಲಿ ಎಲ್ಲರೂ ಮಿನಾಜುಕಿ ತಿನ್ನುತ್ತಾರೆ. ಅಕ್ಕಿ ಹಿಟ್ಟಿನ ಬಿಳಿ ಪದರದ ಮೇಲೆ ಕೆಂಪು ಅಜುಕಿ ಕಾಳು, ತ್ರಿಕೋನಾಕಾರದಲ್ಲಿ ಕತ್ತರಿಸಿರುತ್ತಾರೆ. ಹಿಂದೆ ಬೇಸಿಗೆಯಲ್ಲಿ ಮಂಜುಗಡ್ಡೆ ಅರಮನೆಯವರಿಗೆ ಮಾತ್ರ ಸಿಗುತ್ತಿತ್ತು. ಗುಡ್ಡದ ಹಿಮದ ಗುಂಡಿಗಳಿಂದ ತರಿಸುತ್ತಿದ್ದರು. ಬಡವರು ಮಂಜುಗಡ್ಡೆಯ ಚೂರಿನ ಆಕಾರದಲ್ಲಿ ಈ ಸಿಹಿ ಮಾಡಿಕೊಂಡರು. ಕೆಂಪು ಕಾಳು ಕೆಟ್ಟದ್ದನ್ನು ಓಡಿಸುತ್ತೆ ಅಂತ ನಂಬಿಕೆ. ಅರ್ಧ ವರ್ಷ ಮುಗಿಯುವ ದಿನ ಅಲ್ವಾ, ಅದಕ್ಕೆ.

ಗಿಯೋನ್‌ನಲ್ಲಿ ಕಾಗಿಜೆನ್ ಯೋಶಿಫುಸಾ ಅನ್ನುವ ಅಂಗಡಿಯನ್ನೂ ಬಿಡಬೇಡಿ. ಅಲ್ಲಿ ಕುಜುಕಿರಿ. ಕುಜು ಬಳ್ಳಿಯ ಬೇರಿನ ಹಿಟ್ಟಿನಿಂದ ಮಾಡಿದ, ಗಾಜಿನ ಹಾಗೆ ಕಾಣುವ ಅಗಲ ಎಳೆಗಳು. ಐಸ್ ನೀರಿನಲ್ಲಿ ತೇಲಿಸಿ ಕೊಡುತ್ತಾರೆ. ಕಪ್ಪು ಬೆಲ್ಲದ ಪಾಕಕ್ಕೆ ಅದ್ದಿ ತಿನ್ನಬೇಕು. ಮಾಡಿ ಸ್ವಲ್ಪ ಹೊತ್ತಾದರೆ ಎಳೆ ಮಂಕಾಗಿ ಗಟ್ಟಿಯಾಗುತ್ತೆ. ಹಾಗಾಗಿ ಹೇಳಿದ ಮೇಲೇ ಮಾಡುತ್ತಾರೆ.

ಎಚ್ಚರಿಕೆ: ವಾಗಾಶಿ ಅಂದಾಕ್ಷಣ ಮೊಟ್ಟೆ ಇಲ್ಲ ಅಂತ ಅಲ್ಲ. ಎರಡು ದೋಸೆಯಂಥ ಕೇಕ್ ನಡುವೆ ಹೂರಣ ಇಡುವ ದೊರಾಯಾಕಿಯಲ್ಲಿ ಇದೆ. ಸ್ಪಾಂಜ್ ಕೇಕಿನಂಥ ಕಾಸುತೇರಾದಲ್ಲಂತೂ ಪೂರ್ತಿ ಮೊಟ್ಟೆಯೇ. ಪ್ರತಿ ಸಲ ಕೇಳಿ.

ಎಲೆಅಡಿಕೆ, ಜೂನ್ 11

ಕೇಳುವುದು ಹೇಗೆ ಅಂತ ನಾನು ಸೇರಿಸುತ್ತೇನೆ. "ತಮಾಗೊ ಹಾಯಿತ್ತೆ ಇಮಾಸ್ ಕಾ?" ಅಂದರೆ ಮೊಟ್ಟೆ ಇದೆಯಾ ಅಂತ. ಪ್ಯಾಕೆಟ್ ಆದರೆ ಮೊಟ್ಟೆ, ಹಾಲು, ಗೋಧಿ ಇವನ್ನೆಲ್ಲ ಬರೆಯಲೇಬೇಕು, ಕಾನೂನು. ಜೆಲಾಟಿನ್ ಹಾಗಲ್ಲ, ಅಲರ್ಜಿ ಪಟ್ಟಿಯಲ್ಲಿ ಅದು ಬರೆದರೆ ಒಳ್ಳೆಯದು ಅನ್ನುವ ಗುಂಪಿನಲ್ಲಿದೆ. ಗಾಜಿನ ಪೆಟ್ಟಿಗೆಯಿಂದ ತೆಗೆದುಕೊಡುವ ಸಿಹಿಗೆ ಚೀಟಿಯೇ ಇರುವುದಿಲ್ಲ. ಅದಕ್ಕೆ ಬಾಯಿಬಿಟ್ಟು ಕೇಳಲೇಬೇಕು. ಗೊತ್ತಿಲ್ಲದಿದ್ದರೆ ಒಳಗೆ ಹೋಗಿ ಕೇಳಿಕೊಂಡು ಬರುತ್ತಾರೆ. ಅವಸರ ಮಾಡಬೇಡಿ, ಕಾಯಿರಿ.

ಕಟ್ಟಿಸಿಕೊಂಡು ಹೊರಟರೆ ಮನೆಗೆ ಎಷ್ಟು ಹೊತ್ತು ಅಂತ ಕೇಳುತ್ತಾರೆ. ಸರಿಯಾಗಿ ಹೇಳಿ. ಅದಕ್ಕೆ ತಕ್ಕಷ್ಟು ಐಸ್ ಪ್ಯಾಕ್ ಇಡುತ್ತಾರೆ. ನಾನು ಒಮ್ಮೆ ಸುಮ್ನೆ ಮೂವತ್ತು ನಿಮಿಷ ಅಂದುಬಿಟ್ಟೆ. ರೈಲು ಬದಲಿಸಿ ಮನೆ ಸೇರುವಾಗ ಒಂದೂವರೆ ಗಂಟೆ. ಆಗಸ್ಟ್ ಸೆಕೆ. ಡಬ್ಬಿ ತೆಗೆದರೆ ಮಗಳ ಹುಟ್ಟುಹಬ್ಬದ ಕೇಕ್ ಒಂದು ಕಡೆ ಪೂರ್ತಿ ಜಾರಿತ್ತು. ಅವಳ ಮುಖ ಇನ್ನೂ ಮರೆತಿಲ್ಲ ನಾನು.

ಸಕ್ಕರೆಗೊಂಬೆ, ಜೂನ್ 11

ನಾನು ಹಾವೇರಿ ಕಡೆಯವಳು, ಜಪಾನ್ ನೋಡಿಲ್ಲ. ಆದರೆ ಒಂದು ಕೇಳಬೇಕು. ಟಿವಿಯಲ್ಲಿ ಒಮ್ಮೆ ತೋರಿಸಿದರು, ಅವರೂ ಕಟ್ಟಿಗೆ ಅಚ್ಚಿನಲ್ಲಿ ಸಕ್ಕರೆಯಿಂದ ಹೂವು ಎಲೆ ಮಾಡುತ್ತಾರೆ. ನಮ್ಮಲ್ಲಿ ಗೌರಿ ಹುಣ್ಣಿಮೆಗೆ ಸಕ್ಕರೆ ಗೊಂಬೆ ಮಾಡುತ್ತೇವಲ್ಲ, ಅದೇ ಏನು? ನಮ್ಮ ಅಜ್ಜಿಯ ಅಚ್ಚು ಇನ್ನೂ ಮನೆಯಲ್ಲಿ ಇದೆ, ಆನೆ, ನವಿಲು, ತೇರು.

ಒಲೆಮುಂದೆ, ಜೂನ್ 11

ಅಕ್ಕಾ, ಅಚ್ಚು ಒಂದೇ ಥರ, ಕೆಲಸ ಬೇರೆ. ನಾವು ಸಕ್ಕರೆ ಪಾಕ ಕಾಯಿಸಿ ಅಚ್ಚಿಗೆ ಬಿಸಿಬಿಸಿ ಹೊಯ್ಯುತ್ತೇವೆ. ಆರಿದ ಮೇಲೆ ಗಟ್ಟಿ ಗೊಂಬೆ, ಮಕ್ಕಳು ಕಟುಂ ಅಂತ ಕಡಿಯಬೇಕು. ಅವರು ಒಲೆಗೆ ಇಡುವುದಿಲ್ಲ. ವಾಸಾನ್‌ಬೋನ್ ಅನ್ನುವ ಹಿಟ್ಟಿನಷ್ಟು ನವಿರಾದ ಸಕ್ಕರೆ ಇದೆ. ಶಿಕೋಕು ದ್ವೀಪದ ಕಾಗಾವಾ, ತೋಕುಶಿಮಾ ಕಡೆ ಸಣ್ಣ ಜಾತಿಯ ಕಬ್ಬಿನಿಂದ ಮಾಡುತ್ತಾರೆ. ಸಕ್ಕರೆಯನ್ನು ನೀರು ಚಿಮುಕಿಸಿ ಕೈಯಲ್ಲಿ ನಾದುತ್ತಾರೆ. ಬಟ್ಟೆಯಲ್ಲಿ ಸುತ್ತಿ ಕಲ್ಲಿನ ಭಾರ ಹೇರಿ ಕಾಕಂಬಿ ಹಿಂಡುತ್ತಾರೆ. ಮತ್ತೆ ನಾದುತ್ತಾರೆ, ಮತ್ತೆ ಹಿಂಡುತ್ತಾರೆ. ಕೊನೆಗೆ ಉಳಿದ ಸಕ್ಕರೆಗೆ ತೇವ ಇದೆಯೋ ಇಲ್ಲವೋ ಅನ್ನುವಷ್ಟು ತೇವ ಕೊಟ್ಟು ಅಚ್ಚಿಗೆ ಒತ್ತಿ, ತಟ್ಟಿ ಬಿಡಿಸುತ್ತಾರೆ. ನಾಲಿಗೆ ಮೇಲೆ ಇಟ್ಟರೆ ಕಡಿಯುವ ಮಾತೇ ಇಲ್ಲ, ತಾನೇ ಕರಗುತ್ತೆ. ಅಮ್ಮನಿಗೆ ಇದೂ ಆಗುತ್ತೆ ತುಂಗಾ ಅವರೇ. ತಿಂಗಳುಗಟ್ಟಲೆ ಕೆಡುವುದಿಲ್ಲ, ಊರಿಗೆ ಒಯ್ಯಬಹುದು.

ಸಕ್ಕರೆಗೊಂಬೆ, ಜೂನ್ 11

ಬಿಸಿ ಇಲ್ಲದೇ ಗೊಂಬೆ ನಿಲ್ಲುತ್ತೆ ಅಂದರೆ ಆಶ್ಚರ್ಯ. ಈ ಸಲ ನಾನೂ ಒಂದು ಸಣ್ಣ ಅಚ್ಚಿನಲ್ಲಿ ಮಾಡಿ ನೋಡುತ್ತೇನೆ.

ಮಳೆಬಿಲ್ಲು, ಜೂನ್ 12

ಸ್ವಲ್ಪ ಬೇರೆ ಅಭಿಪ್ರಾಯ. ತುಂಗಾ ಅವರು ತೋರಿಸಬೇಕು ಅಂದದ್ದು ಹೊಸ ಥರದ ಸಿಹಿ. ನೀವೆಲ್ಲ ಇನ್ನೂರು ಮುನ್ನೂರು ವರ್ಷ ಹಳೆಯ ಅಂಗಡಿ ಹೇಳುತ್ತಿದ್ದೀರಿ. ಅದು ಚೆಂದವೇ. ಆದರೆ ಆ ಉಮೆ ಕಾಯಿ ಕೊಟ್ಟ ಖುಷಿ ಬೇರೆ ಅಲ್ವಾ? ಹೊಸದು ಬೇಕು ಅಂದರೆ ಯಾಮಾನಾಶಿಯ ಹೊಕುತೊದಲ್ಲಿ ಕಿನ್ಸೆಇಕೆನ್ ಅಂಗಡಿಯ ನೀರಿನ ಮೋಚಿ ನೋಡಿ. ಬೆಟ್ಟದ ನೀರಿಗೆ ಒಂಚೂರು ಕಾಂಟೆನ್ ಹಾಕಿ ನಿಲ್ಲಿಸಿದ ದೊಡ್ಡ ಹನಿ. ಹುರಿದ ಸೋಯಾ ಹಿಟ್ಟು, ಕಪ್ಪು ಬೆಲ್ಲದ ಪಾಕ ಜೊತೆಗೆ. ಅರ್ಧ ಗಂಟೆಯಲ್ಲಿ ತಿನ್ನದಿದ್ದರೆ ಹರಿದು ಹೋಗುತ್ತೆ. ಬೇಸಿಗೆಯಲ್ಲಿ ಮಾತ್ರ.

ಒಲೆಮುಂದೆ, ಜೂನ್ 12

ಒಳ್ಳೇ ಮಾತು ಹೇಳಿದಿರಿ. ಆದರೆ ಹಳೆಯದು ಹೊಸದು ಅಂತ ಅಲ್ಲಿ ಅಷ್ಟು ಸುಲಭವಾಗಿ ಬೇರೆ ಮಾಡೋಕೆ ಆಗಲ್ಲ. 1874ರಲ್ಲಿ ಟೋಕಿಯೋದ ಗಿನ್ಜಾದ ಕಿಮುರಾಯಾ ಬೇಕರಿಯವರು ಬ್ರೆಡ್ಡಿನೊಳಗೆ ಕಾಳಿನ ಹೂರಣ ಇಟ್ಟು ಆನ್‌ಪಾನ್ ಮಾಡಿದರು. ಬ್ರೆಡ್ ಆಗ ಜನಕ್ಕೆ ಹೊಸದು, ರುಚಿ ಹತ್ತಿರಲಿಲ್ಲ. ಹಿಟ್ಟು ಉಬ್ಬಿಸಲು ಸಾಕೆ ಅನ್ನುವ ಅಕ್ಕಿ ಮದ್ಯ ಮಾಡುವ ಹುದುಗನ್ನೇ ಬಳಸಿದರು. ಮರುವರ್ಷ ಏಪ್ರಿಲ್ 4ರಂದು ಉಪ್ಪು ಹಾಕಿದ ಚೆರ್ರಿ ಹೂವು ಮೇಲಿಟ್ಟು ಮೇಜಿ ಚಕ್ರವರ್ತಿಗೆ ಕೊಟ್ಟರು. ಅವತ್ತಿಗೆ ಅದೇ ಹೊಸ ಸಿಹಿ. ಈಗ ಪ್ಯಾರಿಸಿನಲ್ಲಿ ಹೆಸರು ಮಾಡಿದ ಜಪಾನಿ ಕೇಕ್ ಬಾಣಸಿಗ ಸಾದಾಹಾರು ಆಓಕಿ ಫ್ರೆಂಚರ ಒಪೆರಾ ಕೇಕಿಗೆ ಮಾಚಾ ಹಾಕಿ, ಎಕ್ಲೇರಿಗೆ ಕರಿ ಎಳ್ಳು ಹಾಕಿ ಮಾಡಿದ್ದೂ ಇದೇ ದಾರಿ. ಆ ಉಮೆ ಕಾಯಿಯೂ ಹಾಗೇ. ಜೂನ್ ಬಂತು ಅಂತ ಹೇಳಲು ಕಾಯಿಯ ರೂಪದ ಸಿಹಿ ಮಾಡುವುದು ವಾಗಾಶಿಯವರ ಹಳೇ ಅಭ್ಯಾಸ. ಪ್ಯಾಟಿಸರಿಯವರು ಅದನ್ನೇ ಮೂಸ್‌ನಲ್ಲಿ ಮಾಡಿದ್ದಾರೆ. ಕ್ಯೋಟೋದ ಆ ಕೌಂಟರಿನಲ್ಲಿ ಕೂತು ಬಂದ ಮೇಲೆ ಅಮ್ಮನಿಗೂ ಅದು ಕಾಣುತ್ತೆ.

ಮಳೆಬಿಲ್ಲು, ಜೂನ್ 12

ಹಾಗೆ ನೋಡಿರಲಿಲ್ಲ. ಒಪ್ಪಿದೆ.

ತುಂಗಾತೀರ, ಜುಲೈ 4

ತಡವಾಯಿತು, ಕ್ಷಮಿಸಿ. ಅಮ್ಮ ಬಂದು ಹತ್ತು ದಿನ ಆಯಿತು. ನೀವು ಹೇಳಿದ ಹಾಗೇ ಮೊದಲು ಕ್ಯೋಟೋಗೆ ಹೋದೆವು.

ತ್ಸುರುಯಾ ಯೋಶಿನೊಬುವಿನ ಮಹಡಿಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ ಕೂತೆವು. ಮೊಟ್ಟೆ ಕೇಳಿದೆ, ಇಲ್ಲ ಅಂದರು. ಅಮ್ಮ ಅಜಿಸಾಯಿ ಆರಿಸಿದರು. ನಮ್ಮ ಮಲೆನಾಡಿನ ಮನೆಗಳ ಮುಂದೆ ಮಳೆಗಾಲದಲ್ಲಿ ನೀಲಿ ಗೊಂಚಲು ಬಿಡುತ್ತಲ್ಲ, ಹೈಡ್ರೇಂಜಿಯಾ, ಅದೇ ಹೂವು. ಕೆಲಸದವರು ತಿಳಿ ನೇರಳೆ ಮತ್ತು ಬಿಳಿ ಕಾಳಿನ ಹಿಟ್ಟು ಒಟ್ಟಿಗೆ ಹಿಡಿದು ಜರಡಿ ಮೇಲಿಟ್ಟು ಅಂಗೈಯಲ್ಲಿ ಒಂದೇ ಸಲ ಒತ್ತಿದರು. ಕೆಳಗೆ ಎರಡು ಬಣ್ಣದ ಎಳೆ ಇಳಿಯಿತು. "ಶಾವಿಗೆ ಒತ್ತಿದ ಹಾಗೆ" ಅಂದರು ಅಮ್ಮ. ಆಮೇಲೆ ಒಂದು ಪುಟ್ಟ ಹೂರಣದ ಉಂಡೆ ತಗೊಂಡು, ಚೂಪಾದ ಕಡ್ಡಿಗಳಿಂದ ಒಂದೊಂದೇ ಎಳೆ ಎತ್ತಿ ಅದರ ಸುತ್ತ ನಿಲ್ಲಿಸುತ್ತಾ ಬಂದರು. ಅಮ್ಮ ನನ್ನ ಮೊಣಕೈ ಹಿಡಿದುಕೊಂಡು, "ನೋಡೇ, ಒತ್ತುತ್ತಾನೇ ಇಲ್ಲ. ಎಳೆ ನಡುವೆ ಗಾಳಿ ಬಿಡ್ತಿದ್ದಾರೆ" ಅಂದರು. ನಾನು ಅದನ್ನು ಗಮನಿಸಿರಲೇ ಇಲ್ಲ. ಕೊನೆಗೆ ಕಾಂಟೆನ್‌ನ ಎರಡು ಸಣ್ಣ ಚೂರು ಮೇಲೆ. ಮಳೆ ಹನಿ.

ಬಾಯಿಗೆ ಇಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹೂರಣನೇ ಇದು. ಏಲಕ್ಕಿ ಒಂದಿಲ್ಲ. ಸಿಪ್ಪೆ ಹೇಗೆ ತೆಗೀತಾರೆ ಕೇಳು" ಅಂದರು. ಕೇಳಿದೆ. ಕಾಳು ಬೇಯಿಸಿ, ಜರಡಿಯಲ್ಲಿ ತಿಕ್ಕಿ, ನೀರಿನಲ್ಲಿ ಎಷ್ಟೋ ಸಲ ತೊಳೆದು, ಬಟ್ಟೆಯಲ್ಲಿ ಹಿಂಡಿ, ಆಮೇಲೆ ಸಕ್ಕರೆ. ಅಮ್ಮ ತಲೆ ಆಡಿಸಿದರು. ಅವರೂ ತಲೆ ಬಗ್ಗಿಸಿದರು.

30ಕ್ಕೆ ಮಿನಾಜುಕಿ ತಿಂದೆವು. ಅಮ್ಮನಿಗೆ ಅದು ಅಷ್ಟು ಹಿಡಿಸಲಿಲ್ಲ, ಹಲ್ಲಿಗೆ ಅಂಟುತ್ತೆ ಅಂದರು. ಕುಜುಕಿರಿ ಮಾತ್ರ ಪಾಕದ ಸಮೇತ ಖಾಲಿ. "ಕೂವೆ ಹಿಟ್ಟಿನ ಮಣ್ಣಿ ನೆನಪಾಯ್ತು" ಅಂದರು. ಗಿಡ ಬೇರೆ ಅಂತ ಹೇಳಿದೆ.

ಟೋಕಿಯೋಗೆ ಬಂದ ಮೇಲೆ ಅವರೇ ಕೇಳಿದರು, ಆ ಕಾಯಿ ಅಂಗಡಿಗೆ ಕರ್ಕೊಂಡು ಹೋಗು ಅಂತ. ತಿನ್ನೋಕಾಗಲ್ಲ ಅಮ್ಮ ಅಂದೆ. ನೋಡೋಕಾಗುತ್ತಲ್ಲ ಅಂದರು. ಹೋದೆವು. ಉಮೆ ಮುಗಿಯುವ ಕೊನೆಯ ವಾರ. ಅಮ್ಮ ಚಹಾ ಹೇಳಿದರು. ತಟ್ಟೆ ತಿರುಗಿಸಿ ತಿರುಗಿಸಿ ನೋಡಿದರು. ಕೆಂಪು ಮಚ್ಚೆ ನೋಡಿ, ಬಿಸಿಲು ಬಿದ್ದ ಕಡೆ ಹೀಗೇ ಆಗುತ್ತೆ ಅಂದರು. ನಿಧಾನ ಒಡಿ ಅಂದರು. ಬಾದಾಮಿ ಉಂಡೆ ಕಂಡಾಗ ಅವರ ಮುಖದಲ್ಲಿ ಬಂದ ನಗು ಇದೆಯಲ್ಲ, ನನಗೆ ಅಷ್ಟು ಸಾಕಾಯಿತು.

ಕ್ಯೋಟೋದಲ್ಲಿ ಸಿಹಿ ಜೊತೆ ತಿನ್ನಲು ಕೊಟ್ಟ, ಕುರೊಮೊಜಿ ಅನ್ನುವ ಘಮದ ಮರದ ಕಡ್ಡಿಯನ್ನು ಅಮ್ಮ ಟಿಶ್ಯೂನಲ್ಲಿ ಸುತ್ತಿ ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾರೆ. ಒಂದು ಕಡೆ ತೊಗಟೆ ಹಾಗೇ ಇದೆ. ಡಬ್ಬಿ ತೆಗೆದರೆ ಈಗಲೂ ಘಮ ಬರುತ್ತೆ.

ಸಕ್ಕರೆಗೊಂಬೆ, ಜುಲೈ 4

ಓದಿ ಕಣ್ಣು ತುಂಬಿತು ತಂಗಿ. ಅಮ್ಮನಿಗೆ ನನ್ನ ನಮಸ್ಕಾರ ಹೇಳು.

ಕ್ಯೋಟೋದಿಂದ, ಜುಲೈ 4

ಎಳೆ ನಡುವೆ ಗಾಳಿ! ನಾಲ್ಕು ವರ್ಷದಲ್ಲಿ ಎಷ್ಟು ಸಲ ನೋಡಿದ್ದೇನೆ, ನನಗೂ ಕಂಡಿರಲಿಲ್ಲ ಅಕ್ಕಾ.

ತುಂಗಾತೀರ, ಜುಲೈ 5

ಒಲೆಮುಂದೆ ಅಣ್ಣ, ಒಂದು ಕೇಳಬೇಕು. ಅಮ್ಮ ಹಟ ಹಿಡಿದು ಒಂದು ಬಿದಿರಿನ ಜರಡಿ ಕೊಂಡಿದ್ದಾರೆ. ಗೌರಿ ಹಬ್ಬಕ್ಕೆ ಹೂರಣವನ್ನು ಅದರಲ್ಲೇ ಒತ್ತುತ್ತಾರಂತೆ. ನಮ್ಮ ಕಡಲೆಬೇಳೆ ಹೂರಣ ಅದರಲ್ಲಿ ಇಳಿಯುತ್ತಾ?

ಒಲೆಮುಂದೆ, ಜುಲೈ 5

ಇಳಿಯುತ್ತೆ. ಬೇಳೆ ಬೆರಳಲ್ಲಿ ಹಿಸುಕಿದರೆ ಹಿಟ್ಟಾಗುವಷ್ಟು ಬೇಯಲಿ. ನೀರು ಪೂರ್ತಿ ಬಸಿದು, ಬಿಸಿ ಇರುವಾಗಲೇ ಒಮ್ಮೆ ತಿಕ್ಕಿ ನುಣ್ಣಗೆ ಮಾಡಿಕೊಳ್ಳಲಿ. ಬೆಲ್ಲ ಆಮೇಲೆ. ಬೆಲ್ಲ ಕಮ್ಮಿ ಇರಲಿ, ಜಾಸ್ತಿ ಆದರೆ ಜಿನುಗಿ ಎಳೆ ಒಂದಕ್ಕೊಂದು ಅಂಟುತ್ತೆ. ಬಾಣಲೆಯಲ್ಲಿ ಕೈಗೆ ಅಂಟದ ಹಾಗೆ ಕಾಯಿಸಿ, ಪೂರ್ತಿ ಆರಿದ ಮೇಲೆ ಒತ್ತಲಿ. ಮೊದಲು ಒಂದು ಹಿಡಿಯಲ್ಲಿ ಮಾಡಿ ನೋಡಲಿ. ಜರಡಿಗೆ ಸೋಪು ಬೇಡ, ಬರೀ ನೀರು. ತೊಳೆದು ನೆರಳಲ್ಲಿ ಒಣಗಿಸಬೇಕು. ಶಿವಮೊಗ್ಗದ ಮಳೆಗಾಲದಲ್ಲಿ ಒಲೆ ಹತ್ತಿರ ನೇತುಹಾಕಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತೆ.